ಚುಕ್ಕಿ ಇಲ್ಲದ ನುಡಿ

ಕಿರ್ ಎಂದಿತು. ಸ್ವಲ್ಪ ತಡೆದು ಇನ್ನೊಮ್ಮೆ, ಕಿರ್.

ರಾತ್ರಿ ಒಂದು ಗಂಟೆ ದಾಟಿರಬೇಕು. ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗಗಳು ನಿಂತ ಮೇಲೆ ಎಷ್ಟು ಸಣ್ಣ ಸದ್ದಾದರೂ ಕೇಳುತ್ತದೆ. ಇಲಿ ಇರಬೇಕು ಎಂದು ಜನ ಮಗ್ಗುಲು ಬದಲಿಸುತ್ತಾರೆ. ಅದು ಇಲಿಯಲ್ಲ ಎಂದು ನನಗೆ ಗೊತ್ತಿತ್ತು. ಕಲ್ಲಿನ ಮೇಲೆ ಬಳಪ ಒತ್ತಿದಾಗ ಆಗುವ ಸದ್ದು ಅದು, ಮತ್ತು ಅದು ನನ್ನ ಮೈಮೇಲೆಯೇ ಆಗುತ್ತಿತ್ತು. ಅರವತ್ತೇಳು ವರ್ಷಗಳಿಂದ ನನ್ನ ಮೇಲೆ ಬರೆದದ್ದು ಒಂದೇ ಕೈ. ಆ ರಾತ್ರಿ ಬರೆಯುತ್ತಿದ್ದುದು ಬೇರೆ ಕೈ.

ಇದನ್ನು ಹೇಳಲೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ. ಹೇಳುವುದಾದರೆ ಮೊದಲಿನಿಂದಲೇ ಹೇಳಬೇಕು. ನಡುವಿನಿಂದ ಹೇಳಿದರೆ ಯಾರ ಮೇಲಾದರೂ ಸುಮ್ಮನೆ ತಪ್ಪು ಬಂದೀತು.

ನಾನು ಒಂದು ಪಾಟಿ. ಬೆಂಗಳೂರಿನ ಕಡೆಯವರು ಸ್ಲೇಟು ಎನ್ನುತ್ತಾರೆ. ಆಂಧ್ರದ ಕಡೆಯ ಒಂದು ಗಣಿಯಲ್ಲಿ, ನೆಲದೊಳಗೆ, ಪದರು ಪದರಾಗಿ ಮಲಗಿದ್ದ ಕಲ್ಲಿನಲ್ಲಿ ನಾನೂ ಒಂದು ಪದರು. ಒಬ್ಬ ಹೆಂಗಸು ಉಳಿಯಿಂದ ನನ್ನನ್ನು ಬಿಡಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು ಕೇಳಿದಳು. ಬಿರುಕು ಇಲ್ಲದ ಕಲ್ಲು ಗಂಟೆಯ ಹಾಗೆ ದನಿ ಕೊಡುತ್ತದೆ. ನಾನು ಕೊಟ್ಟೆನೆಂದು ಕಾಣುತ್ತದೆ. ಆದರೆ ಮರಳು ನೀರು ಹಾಕಿ ಉಜ್ಜಿದ ಮೇಲೆ ನನ್ನ ಎಡಮೂಲೆಯಲ್ಲಿ ಕೂದಲೆಳೆಯಂಥ ಒಂದು ಬಿಳಿ ಗೆರೆ ಕಾಣಿಸಿಕೊಂಡಿತು. ಚೌಕಟ್ಟು ಕಟ್ಟುವವನು ನನ್ನನ್ನು ಎರಡನೆಯ ದರ್ಜೆಯ ರಾಶಿಗೆ ಎಸೆದ. ಆ ಗೆರೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ನನ್ನ ಮೇಲೆ ಉಳಿದಿರುವ ಬರಹ ಎಂದರೆ ಅದೊಂದೇ.

ನನ್ನನ್ನು ಮೊದಲು ಹಿಡಿದವಳು ಬೆಟಗೇರಿಯ ನೇಕಾರರ ಮನೆಯ ಯಮುನವ್ವ. ಏಳು ವರ್ಷದ ಹುಡುಗಿ. ಎಂಜಲು ಹಚ್ಚಿ ಒರೆಸಿದರೆ ಸರಸ್ವತಿ ಸಿಟ್ಟಾಗುತ್ತಾಳೆಂದು ಲಂಗದ ಅಂಚನ್ನು ನೀರಲ್ಲಿ ಅದ್ದಿ ಒರೆಸುತ್ತಿದ್ದಳು. ಎರಡು ವರ್ಷ ಕಳೆದ ಮೇಲೆ ಅವಳನ್ನು ಶಾಲೆ ಬಿಡಿಸಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂರಿಸಿದರು. ಅದೇ ವಾರ ಅವಳ ಅಣ್ಣ ರುದ್ರಮುನೆಪ್ಪ ನಾಟಕ ಕಂಪನಿ ಸೇರಲು ಹೊರಟಿದ್ದ. ಅವನಿಗೆ ಹದಿನಾರು.

"ಅಣ್ಣಾ, ಇದನ್ನ ನೀನ ತಗೊಂಡ ಹೋಗು. ನನಗ ಇನ್ನ ಕಂಡಿಕಿ ಸುತ್ತೂದ ಐತಿ" ಎಂದಳು.

"ನಾ ಪರದಿ ಎಳ್ಯಾಕ ಹೊಂಟೀನವಾ, ಬರ್ಯಾಕಲ್ಲ."

"ಇರಲಿ ತಗೋ. ಪರದಿ ಏನ್ ಇಡೀ ರಾತ್ರಿ ಎಳೀತೀ?"

ಹೀಗೆ ನಾನು ಚನ್ನವೀರಯ್ಯನವರ ನಾಟಕ ಕಂಪನಿಗೆ ಬಂದೆ.

ರುದ್ರಮುನೆಪ್ಪ ವರ್ಷವಿಡೀ ಪರದೆ ಎಳೆದ. ಓದು ಚೊಕ್ಕಟವಾಗಿದೆ ಎಂದು ಗೊತ್ತಾದ ಮೇಲೆ ಅವನನ್ನು ಪ್ರಾಂಪ್ಟರ್ ಮಾಡಿದರು. ಪಾತ್ರಧಾರಿಗೆ ಮಾತು ಮರೆತಾಗ ಪಕ್ಕದ ಪರದೆಯ ಮರೆಯಲ್ಲಿ ನಿಂತು ಮೆಲ್ಲಗೆ ನೆನಪಿಸಿ ಕೊಡುವ ಕೆಲಸ. ಪ್ರೇಕ್ಷಕರಿಗೆ ಕೇಳಬಾರದು, ಪಾತ್ರಧಾರಿಗೆ ಕೇಳಬೇಕು. ಅಲ್ಲಿ ನಿಂತು ನಿಂತು ಅವನ ಕಿವಿ ಒಂದು ವಿಷಯಕ್ಕೆ ಪಳಗಿತು: ಯಾರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದಕ್ಕೆ. ಆಗ ಮೈಕು ಇರಲಿಲ್ಲ. ಕೊನೆಯ ಸಾಲಿನ ಮುದುಕನಿಗೂ ಕೇಳುವ ಹಾಗೆ ಹಾಡಬೇಕು. ತಪ್ಪಿದ ಜಾಗದಲ್ಲಿ ಉಸಿರು ಎಳೆದರೆ, ಕಂಪನಿಯವರು ಪದ ಎನ್ನುವ ಹಾಡು ಎಷ್ಟು ಒಳ್ಳೆಯದಿದ್ದರೂ ಮುರಿದು ಬೀಳುತ್ತಿತ್ತು.

ಒಮ್ಮೆ ಮುಂಡರಗಿ ಕ್ಯಾಂಪಿನಲ್ಲಿ ಕಂಪನಿಯ ಪದ ಬರೆಯುವವನು ಜಗಳ ಮಾಡಿಕೊಂಡು, ತಾನು ಬರೆದ ಕಾಗದಗಳನ್ನೆಲ್ಲ ಕಟ್ಟಿಕೊಂಡು ಬೇರೆ ಕಂಪನಿಗೆ ಹೋದ. ಮರುದಿನ ಹೊಸ ನಾಟಕ. ಪದಗಳಿಲ್ಲ. ಆ ಮಧ್ಯಾಹ್ನ ರುದ್ರಮುನೆಪ್ಪ ನನ್ನನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬರೆದ. ಕೆಳಗಿನಿಂದ ನನಗೆ ಕಂಡದ್ದು ಅವನ ಗದ್ದ, ಆಡುತ್ತಿದ್ದ ತುಟಿ. ಒಂದು ಸಾಲು ಬರೆದು, ಗುನುಗಿ, ಉಸಿರು ಬರುವ ಜಾಗದಲ್ಲಿ ಅಕ್ಷರದ ನೆತ್ತಿಯ ಮೇಲೆ ಒಂದು ಸಣ್ಣ ಚುಕ್ಕಿ ಇಡುತ್ತಿದ್ದ. ಆಮೇಲೆ ಮುಂದಿನ ಸಾಲು.

ಮಾಲಕ ಚನ್ನವೀರಯ್ಯನವರು ಕೇಳಿ ತಲೆದೂಗಿದರು. "ಯಾವ ಕಾಗದದ ಮ್ಯಾಲೆ ಬರದಿ?"

"ಪಾಟಿ ಮ್ಯಾಲ್ರಿ."

"ಛಲೋ ಆತು. ಕಾಗದಕ್ಕ ಕಾಲಿರತಾವು, ಇನ್ನೊಬ್ಬರ ಕಂಪನಿಗೆ ನಡಕೊಂತ ಹೋಗತಾವು. ಪಾಟಿಗೆ ಕಾಲಿಲ್ಲ. ಇನ್ನ ಮ್ಯಾಲೆ ಪಾಟಿ ಮ್ಯಾಲೇ ಬರಿ."

ಅಂದಿನಿಂದ ಅದೇ ಕಂಪನಿಯ ರೂಢಿಯಾಯಿತು. ಪದ ನನ್ನ ಮೇಲೆ ಹುಟ್ಟಬೇಕು. ರಂಗದ ಮೇಲೆ ಹಾಡಿ ಮುಗಿಯುವವರೆಗೆ ನನ್ನ ಮೇಲೇ ಇರಬೇಕು. ಜನ ಒಪ್ಪಿದರೆ ಮಾಲಕರ ಕೆಂಪು ರಟ್ಟಿನ ವಹಿಗೆ ಅವನೇ ಚುಕ್ಕಿಸಮೇತ ನಕಲು ಮಾಡಬೇಕು. ಕೂಡಲೇ ನನ್ನನ್ನು ಒರೆಸಬೇಕು. ವಹಿ ಮಾಲಕರ ಪೆಟ್ಟಿಗೆಯಲ್ಲಿ. ಹ್ಯಾಂಡ್‌ಬಿಲ್ಲಿನಲ್ಲಿ 'ಪದ್ಯಗಳು: ಮಾಲಕರು ಶ್ರೀ ಚನ್ನವೀರಯ್ಯನವರು' ಎಂದು ಅಚ್ಚಾಗುತ್ತಿತ್ತು. ಹತ್ತು ವರ್ಷ ಕಳೆದ ಮೇಲೆ ರುದ್ರಮುನೆಪ್ಪ ಒಮ್ಮೆ ಮಾತ್ರ ಕೇಳಿದ್ದುಂಟು. "ಕಂಪನಿ ಅನ್ನ ಉಂಡ ಕೈ ಬರದದ್ದು ಕಂಪನೀದ, ಮಾಸ್ತರ" ಎಂದರು ಮಾಲಕರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಇವನಿಗೆ ಟೈಫಾಯಿಡ್ ಆದಾಗ ಇಪ್ಪತ್ತೊಂದು ದಿನ ತಾವೇ ಗಂಜಿ ಕುಡಿಸಿದ ಮನುಷ್ಯ ಅವರು. ಇವನು ಮತ್ತೆ ಕೇಳಲಿಲ್ಲ.

ಕಂಪನಿಯಲ್ಲಿ ಅವನಿಗೆ ಪಾಟಿ ಮಾಸ್ತರ ಎಂದೇ ಹೆಸರಾಯಿತು. ಎಲ್ಲರೂ ಗೌರವ ಕೊಡತೊಡಗಿದ ಮೇಲೆ ನಾನೂ ಅವರನ್ನು ಬಹುವಚನದಲ್ಲೇ ಕರೆಯತೊಡಗಿದೆ. ಮಳೆಗಾಳಿಗೆ ಟೆಂಟು ಕುಸಿದ ಒಂದು ದಿನ ನನ್ನ ಚೌಕಟ್ಟು ಒಡೆಯಿತು. ಕಂಪನಿಯ ಬಡಿಗ ಹಳೆಯ ಅರಮನೆ ಸೀನಿನ ಕಟ್ಟಿಗೆಯಿಂದ ಹೊಸದು ಮಾಡಿಕೊಟ್ಟ. ಅದಕ್ಕೇ ನನ್ನ ಚೌಕಟ್ಟು ಈಗಲೂ ನೀಲಿ, ಅಂಚಿಗೆ ಬಂಗಾರದ ಗೆರೆ.

ಊರೂರಿಗೆ ಟಿವಿ ಬಂದ ಮೇಲೆ ಕಂಪನಿ ಮುಚ್ಚಿತು. ಮಾಸ್ತರರು ಬೆಟಗೇರಿಗೆ ಮರಳಿದರು. ಬರೆಯುವುದು ನಿಲ್ಲಲಿಲ್ಲ. ಓಣಿಯ ಭಜನಾ ಮಂಡಳಿಗೆ, ಮದುವೆಯ ಬ್ಯಾಂಡಿನವರಿಗೆ, ಒಮ್ಮೆ ಪೋಲಿಯೋ ಲಸಿಕೆಯ ಜೀಪಿಗೂ ಬರೆದರು. ಜನ ಹಾಡಿದರು; ಯಾರು ಬರೆದದ್ದೆಂದು ಕೇಳುವ ರೂಢಿ ಯಾರಿಗೂ ಇರಲಿಲ್ಲ. ಹೆಂಡತಿ ತೀರಿಕೊಂಡರು. ಮಗ ಬಸವಣ್ಣೆಪ್ಪ ಬಸ್ ಕಂಡಕ್ಟರ್ ಆದ. ಸೊಸೆಯಾಗಿ ಅನಸೂಯಾ ಬಂದಳು.

ಅನಸೂಯಾ ಅಂಗನವಾಡಿಯಲ್ಲಿ ಕಲಿಸುವವಳು. ಮದುವೆಯಾಗಿ ಬಂದ ಮೊದಲ ವಾರ ಗೊತ್ತಿಲ್ಲದೆ ನನ್ನನ್ನು ನೀರಿನ ಕೊಡದ ಮೇಲೆ ಮುಚ್ಚಿಬಿಟ್ಟಳು. ಮಾವ ಹುಡುಕಾಡುವುದು ಕಂಡು ಓಡಿಹೋಗಿ ತಂದುಕೊಟ್ಟಳು.

"ಗೊತ್ತಾಗಲಿಲ್ಲರಿ ಮಾವಾರ."

"ಇರಲಿ ಬಿಡವಾ. ಮ್ಯಾಲೆ ಪದ, ಕೆಳಗ ನೀರು. ಹಾಡಾಂವಗ ಎರಡೂ ಬೇಕು."

ಅಂದಿನಿಂದ ರಾತ್ರಿ ನನ್ನನ್ನು ಎತ್ತಿ ಗೋಡೆಯ ಗೂಡಿನಲ್ಲಿ ಇಡುವ ಕೆಲಸ ಅವಳದಾಯಿತು. ಇಡುವ ಮುನ್ನ ಬಲ್ಬಿನ ಕೆಳಗೆ ಹಿಡಿದು ಓದುತ್ತಿದ್ದಳು. ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆ ಓದಿದಳು. ಬೆಳಗಾದರೆ ಒರೆಸಿಹೋಗುವುದನ್ನು ಓದಿದವಳು ಅವಳೊಬ್ಬಳೇ. ಇದು ಮಾಸ್ತರರಿಗೆ ಗೊತ್ತಿರಲಿಲ್ಲ; ನನಗೆ ಗೊತ್ತಿತ್ತು.

ಮಾಸ್ತರರಿಗೆ ಎಂಬತ್ತಮೂರು ನಡೆಯುತ್ತಿದ್ದಾಗ, ಒಂದು ಮಧ್ಯಾಹ್ನ, ಅವರು ಜಗಲಿಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಸ್ಕೂಟರಿನಿಂದ ಇಳಿದ ಒಬ್ಬ ಹೆಣ್ಣುಮಗಳು ಬಂದು ನಿಂತರು. ವಯಸ್ಸು ಐವತ್ತರ ಆಚೀಚೆ.

"ಪಾಟಿ ಮಾಸ್ತರ ಮನಿ ಇದ ಏನ್ರಿ?"

ಮಾಸ್ತರರು ತಲೆಯೆತ್ತಿದರು. "ಆ ಹೆಸರು ಕೇಳಿ ಮೂವತ್ತು ವರ್ಷ ಆತವಾ. ಯಾರು ಕಳಿಸ್ಯಾರ?"

ಬಂದವರು ಉಜ್ವಲಾ ಕಟ್ಟಿ. ಧಾರವಾಡದ ಒಂದು ಕಾಲೇಜಿನಲ್ಲಿ ಸಂಗೀತ ಕಲಿಸುವವರು, ರಂಗಗೀತೆ ಹಾಡುವವರು. ಕಂಪನಿಯ ಹಳೆಯ ಪಾತ್ರಧಾರಿಯೊಬ್ಬರು ಈ ಹೆಸರು, ಓಣಿ ಹೇಳಿ ಕಳಿಸಿದ್ದರು. ಚನ್ನವೀರಯ್ಯನವರ ಮೊಮ್ಮಗ ಮಹಾಂತೇಶ ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದ. ಹಾಡಿಕೊಳ್ಳಲೆಂದು ಅಜ್ಜನ ಕೆಂಪು ವಹಿಯ ಪ್ರತಿಯನ್ನು ಇವರಿಗೆ ಅವನೇ ಕೊಟ್ಟಿದ್ದ. ಉಜ್ವಲಾ ಅದನ್ನು ತೆರೆದು ಮಾಸ್ತರರ ಮುಂದಿಟ್ಟರು.

"ಇದರಾಗ ನೂರಾ ಎಂಟು ಪದ ಅವ. ಎಲ್ಲಾದರ ಮ್ಯಾಲೂ ಮಾಲಕರ ಹೆಸರು. ಆದರ ಅಕ್ಷರದ ಮ್ಯಾಲಿನ ಈ ಚುಕ್ಕಿ ಯಾರವ್ರೀ?"

"ಉಸಿರಿನ ಚುಕ್ಕಿ ಅವು."

"ಅದು ನನಗ ಹಾಡಿದ ಮ್ಯಾಲೆ ತಿಳೀತು. ಚುಕ್ಕಿ ಇದ್ದಲ್ಲಿ ಉಸಿರು ತಗೊಂಡ್ರ ಪದ ತಾನ ನಡೀತದ. ಹಾಡು ಬರಲಾರದ ಮನಷ್ಯಾ ಇಂಥಾದ್ದು ಬರೀಲಿಕ್ಕೆ ಸಾಧ್ಯನ ಇಲ್ಲ. ಮಾಲಕರು ಹಾಡತಿದ್ರೇನು?"

"ಚನ್ನವೀರಯ್ಯನವರು ಹಾಡಿದ್ರ ಟೆಂಟಿನ ಹಗ್ಗ ತಾನ ಬಿಚ್ಚಿಕೊಂತಿತ್ತು."

ಉಜ್ವಲಾ ನಕ್ಕರು. ನಗು ಮುಗಿದ ಮೇಲೆ ಕೇಳಿದರು. "ಮತ್ತ ಬರದಾವರು ಯಾರು?"

ಮಾಸ್ತರರು ಶೇಂಗಾ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. "ಕಂಪನಿ" ಎಂದರು.

ಒಳಗಿನಿಂದ ಅನಸೂಯಾ ಹೊರಗೆ ಬಂದಳು. "ಮಾವಾರ, ಈಗರ ಹೇಳ್ರಿ."

ಮಾಸ್ತರರು ಗೂಡಿನಲ್ಲಿದ್ದ ನನ್ನ ಕಡೆ ಕೈ ತೋರಿಸಿದರು. ಉಜ್ವಲಾ ನನ್ನನ್ನು ಎತ್ತಿ, ನೀಲಿ ಚೌಕಟ್ಟನ್ನು ಸವರಿ, ವಹಿಯ ಒಂದು ಪದವನ್ನು ಸಣ್ಣ ದನಿಯಲ್ಲಿ ಹಾಡತೊಡಗಿದರು. ಎರಡನೇ ನುಡಿ, ಅಂದರೆ ಎರಡನೇ ಚರಣ, ಮುಗಿಯಿತು. ವಹಿಯಲ್ಲಿ ಇದ್ದುದು ಅಷ್ಟೇ. ಮಾಸ್ತರರು ಕಣ್ಣು ಮುಚ್ಚಿ ಮೂರನೇ ನುಡಿ ಹೇಳಿದರು. ಉದ್ದವಾಯಿತೆಂದು ಮಾಲಕರು ಬಿಡಿಸಿದ್ದ ನುಡಿ; ಐವತ್ತು ವರ್ಷದ ಹಿಂದೆ ನನ್ನ ಮೇಲಿನಿಂದ ಒರೆಸಿದ್ದು. ಉಜ್ವಲಾ ನನ್ನನ್ನು ಕೆಳಗಿಟ್ಟು, ಆ ನುಡಿಯನ್ನು ವಹಿಯ ಅಂಚಿನಲ್ಲಿ ಬರೆದುಕೊಂಡರು.

"ಇಷ್ಟು ವರ್ಷ ಇವನ್ನ ಹಾಡೀನಿ, ನೀವು ಇಲ್ಲೇ ಗದಗಿನಾಗ ಇದ್ರಿ" ಎಂದರು.

ಉಜ್ವಲಾ ಸುಮ್ಮನಿರುವ ಜಾತಿಯವರಲ್ಲ. ಗದಗಿನಲ್ಲಿ ಒಂದು ಸಂಜೆಯ ಹಾಡಿನ ಕಾರ್ಯಕ್ರಮ ಗೊತ್ತುಮಾಡಿದರು. 'ಪದ್ಯಗಳು: ರುದ್ರಮುನೆಪ್ಪ ಹೊಂಬಳ' ಎಂದು ಹ್ಯಾಂಡ್‌ಬಿಲ್ ಅಚ್ಚು ಹಾಕಿಸಿ ತಂದು ತೋರಿಸಿದರು. ಮಾಸ್ತರರು ಅದನ್ನು ಓದಲಿಲ್ಲ. ಬೆರಳಿಂದ ಮುಟ್ಟಿ ನೋಡಿದರು.

ಅವರು ಮುಟ್ಟುತ್ತಿದ್ದಾಗಲೇ ಉಜ್ವಲಾ ಅವರ ಫೋನು ರಿಂಗಾಯಿತು. ಮಹಾಂತೇಶ. ಹ್ಯಾಂಡ್‌ಬಿಲ್ ಅವನಿಗೂ ತಲುಪಿತ್ತು. ಎಲ್ಲರಿಗೂ ಕೇಳುವಷ್ಟು ದೊಡ್ಡ ದನಿ.

"ಮೇಡಂ, ನಿಮಗ ವಹಿ ಕೊಟ್ಟಾಂವ ನಾನು. ನಮ್ಮ ಅಜ್ಜನ ಪದಕ್ಕ ಇನ್ನೊಬ್ಬರ ಹೆಸರು ಹಚ್ಚತೀರೇನು? ಆ ಅಜ್ಜಾರು ನಕಲು ಮಾಡೋ ಪ್ರಾಂಪ್ಟರ್ ಆಗಿದ್ರು. ಬಾಯಿಪಾಠ ಇರತೈತಿ, ಅದರಾಗೇನು?"

"ಮಹಾಂತೇಶ, ನಾ ವಿಚಾರ ಮಾಡೇ ಹಾಕಿಸೀನಿ."

"ಹಂಗಾರ ಒಂದು ಹೊಸಾ ಪದ ಬರೀಲಿ. ಅವತ್ತ ಸ್ಟೇಜಿನ ಮ್ಯಾಲೆ ಹಾಡ್ರಿ. ಕೇಳಿ ಹೌದನಿಸಿದ್ರ ನಾನ ಕಾಲು ಮುಟ್ಟತೀನಿ. ಇಲ್ಲಾಂದ್ರ ಆ ನೂರಾ ಎಂಟರ ಮ್ಯಾಲೂ ನಮ್ಮಜ್ಜನ ಹೆಸರ ಇರಬೇಕು. ಎಲ್ಲಾರ ಮುಂದ ಎದ್ದು ನಿಂತು ಹೇಳತೀನಿ."

ಉಜ್ವಲಾ ಏನೋ ಹೇಳಹೊರಟರು. ಮಾಸ್ತರರು ಕೈ ಎತ್ತಿ ತಡೆದರು. "ಬರೀತೀನಿ ಅನ್ನು."

ಭಜನಾ ಮಂಡಳಿಗೆ ಬರೆದ ಪದಗಳಲ್ಲೇ ಒಂದನ್ನು ಕೊಡಿ ಎಂದು ಉಜ್ವಲಾ ಆಮೇಲೆ ಎಷ್ಟೋ ಹೇಳಿದರು. "ಹೊಸಾದು ಅಂದ್ರ ಹೊಸಾದ" ಎಂದರು ಮಾಸ್ತರರು. ಆದರೆ ಅವರ ಕೈ ನಡುಗತೊಡಗಿ ಎರಡು ವರ್ಷವಾಗಿತ್ತು. ಅಷ್ಟೂ ದಿನ ನಾನು ಬರಿದಾಗಿದ್ದೆ. ಉಜ್ವಲಾ ಅವರಿಗೆ ಇದು ಗೊತ್ತಿರಲಿಲ್ಲ.

ಹದಿನಾಲ್ಕು ದಿನ ಇದ್ದವು. ಮೊದಲ ವಾರದಲ್ಲಿ ಎರಡು ನುಡಿ ಬಂದವು. ಅಕ್ಷರಗಳು ನೀರಲ್ಲಿ ಬಿದ್ದ ಇರುವೆಗಳ ಹಾಗೆ ಒದ್ದಾಡುತ್ತಿದ್ದವು, ಆದರೆ ಪ್ರತಿ ಸಾಲಿಗೂ ಚುಕ್ಕಿ ಇತ್ತು.

ಪರದಿ ಎಳಿಯೋ ತಮ್ಮಾ, ಸಾವಕಾಶ ಎಳಿಯೋ
ರಾಜಾನ ಕಿರೀಟ ಇನ್ನೂ ತಲಿಮ್ಯಾಲ ಐತಿ
ಹೊರಗ ಹ್ವಾದರ ಅವಗ ಬರಿಗಾಲ ಹಾದಿ
ಇನ್ನೊಂದು ಗಳಿಗಿ ರಾಜ್ಯ ನಡೀಲೋ ತಮ್ಮಾ

ದೀಪ ಏರಿಸಬ್ಯಾಡೋ ತಮ್ಮಾ, ಈಗ ಏರಿಸಬ್ಯಾಡೋ
ಹಿಂದಿನ ಸಾಲಿನ್ಯಾಗ ಮುದುಕಿ ಮಲಗ್ಯಾಳ
ಸತ್ತ ಮಗ ಬಂದಾನ ಆಕಿ ಕನಸಿನ್ಯಾಗ
ಬೆಳಕ ಬಡಿದರ ಅಂವ ಹೋದಾನೋ ತಮ್ಮಾ

ಮೂರನೇ ನುಡಿ ಬರಲಿಲ್ಲ. ಮೂರಿಲ್ಲದೆ, ಮಾಸ್ತರರ ಲೆಕ್ಕದಲ್ಲಿ, ಪದ ಮುಗಿಯದು. ನಿಂತ ಮಾತಿನ ಹಾಗೆ ಇರುತ್ತದೆ. ದಿನಾ ಬರೆದರು, ದಿನಾ ಒರೆಸಿದರು. ಒಂದು ದಿನ ನಾಲ್ಕು ಸಾಲೂ ಸರಾಗವಾಗಿ ಬಂದವು. ಮುಖ ಅರಳಿತು. ಗುನುಗಿ ನೋಡಿದರು. ಗುನುಗುತ್ತ ಗುನುಗುತ್ತ ದನಿ ಇಳಿಯಿತು. ಅದು ಅವರೇ ಹಿಂದೆ ಮುಂಡರಗಿಯಲ್ಲಿ ಬರೆದಿದ್ದ ನುಡಿ; ವಹಿಯಲ್ಲಿ ಇದ್ದೇ ಇತ್ತು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದ ರಭಸಕ್ಕೆ ನನ್ನ ಚೌಕಟ್ಟಿನ ಮೊಳೆ ಸಡಿಲವಾಯಿತು.

"ಒಳಗ ಹಳೇವ ಅದಾವು, ಅನಸವ್ವಾ. ಹೊಸಾದೊಂದೂ ಇಲ್ಲ" ಎಂದರು.

ಎರಡು ನುಡಿ ಬೇರೆಯವರನ್ನು ನೋಡಿ ಬರೆದದ್ದು, ರಾಜನನ್ನು, ಮುದುಕಿಯನ್ನು. ಮೂರನೆಯದು ಯಾರನ್ನು ನೋಡಬೇಕೆಂದು ನನಗೆ ಅನಿಸುತ್ತಿತ್ತು. ಆದರೆ ತಮ್ಮ ಬಗ್ಗೆ ಬರೆದುಕೊಳ್ಳುವ ರೂಢಿಯೇ ಮಾಸ್ತರರಿಗೆ ಇರಲಿಲ್ಲ.

ಭಾನುವಾರ ಕಾರ್ಯಕ್ರಮ. ಪದ ಕಲಿಯಲು ಉಜ್ವಲಾ ಶನಿವಾರ ಬೆಳಿಗ್ಗೆ ಬರುವವರಿದ್ದರು. ಶುಕ್ರವಾರ ಸಂಜೆ ಮಾಸ್ತರರ ಮೈ ಬೆಚ್ಚಗಾಯಿತು. ನನ್ನನ್ನು ಎದೆಯ ಮೇಲೆ ಇಟ್ಟುಕೊಂಡೇ ನಿದ್ದೆ ಹೋದರು. ಬಸವಣ್ಣೆಪ್ಪ ಡ್ಯೂಟಿಯ ಮೇಲೆ ಊರಾಚೆ ಇದ್ದ. ಮಧ್ಯರಾತ್ರಿ ಕಳೆದ ಮೇಲೆ ಅನಸೂಯಾ ಬಂದು ನನ್ನನ್ನು ಮೆಲ್ಲಗೆ ಎತ್ತಿದಳು. ಗೂಡಿಗೆ ಇಡಲಿಲ್ಲ. ಅಡುಗೆಮನೆಗೆ ಒಯ್ದು, ಬಾಗಿಲು ಓರೆ ಮಾಡಿ, ನೆಲದ ಮೇಲೆ ಕುಳಿತಳು. ಎರಡು ನುಡಿಯನ್ನೂ ತುಟಿಯಲ್ಲೇ ಓದಿ ಬಳಪ ಹಿಡಿದಳು.

ಆಮೇಲೆ ಆ ಸದ್ದು. ಕಿರ್.

ಬೆಳಿಗ್ಗೆ ಮಾಸ್ತರರು ದಪ್ಪ ಕನ್ನಡಕ ಹಾಕಿಕೊಂಡು ನನ್ನನ್ನು ಓದಿದರು. ಮತ್ತೆ ಓದಿದರು. "ಅನಸವ್ವಾ, ಈ ಕಡೀ ನುಡಿ?"

"ರಾತ್ರಿ ಎದ್ದು ಬರದ್ರಲ್ಲರಿ. ಮೈ ಬಿಸಿ ಇತ್ತು, ನೆನಪಿಲ್ಲೇನೋ."

"ಅಕ್ಷರ ದುಂಡಗ ಅದಾವು."

"ಸಾವಕಾಶ ಬರದ್ರಿ."

"ಚುಕ್ಕಿ ಇಲ್ಲ."

ಅನಸೂಯಾ ಮಂಚದ ಮೇಲಿನ ಹೊದಿಕೆ ಮಡಚತೊಡಗಿದಳು.

"ನಾ ಮೊದಲ ಉಸಿರು ಹಾಕತೀನವಾ, ಆಮ್ಯಾಲೆ ಮಾತು. ಚುಕ್ಕಿ ಇಡಲಾರದ ಒಂದು ಸಾಲೂ ನಾ ಬರದಿಲ್ಲ." ಅವರು ಒದ್ದೆ ಬಟ್ಟೆಗೆ ಕೈ ಹಾಕಿದರು.

ಅನಸೂಯಾ ಆ ಕೈ ಹಿಡಿದುಬಿಟ್ಟಳು. ಹದಿನೈದು ವರ್ಷದಲ್ಲಿ ಅವಳು ಮಾವನ ಕೈ ಮುಟ್ಟಿದ್ದು ಅದೇ ಮೊದಲು. "ಒರಸಬ್ಯಾಡ್ರಿ."

"ಇನ್ನೊಬ್ಬರ ಸಾಲಿಗೆ ನನ್ನ ಹೆಸರೇನು? ನಾನೂ ಚನ್ನವೀರಯ್ಯ ಆಗಲೇನು?"

"ಅವರು ನಿಮ್ಮನ್ನ ಕೇಳಲಿಲ್ಲ, ತಗೊಂಡ್ರು. ನಾ ನನ್ನ ಮನಸಿಲೆ ಕೊಡಾಕತ್ತೀನಿ. ಎರಡೂ ಒಂದ ಏನ್ರಿ?"

"ಕೊಟ್ಟಿದ್ದಾದ್ರ ಕೊಟ್ಟಾಕಿ ಹೆಸರು ಹೇಳತೀನಿ."

"ಹೇಳಿದ್ರ ಆ ನೂರಾ ಎಂಟೂ ಹೋಗತಾವ್ರಿ, ಮಾವಾರ. ಇದನ್ನ ಸೊಸಿ ಬರದಾಳ, ಅವನ್ನೂ ಹಿಂಗ ಯಾರೋ ಬರದಾರ ಅಂತಾರ. ಅವು ನಿಮ್ಮವ. ನನಗ ಗೊತ್ತೈತಿ."

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಬಟ್ಟೆ ಮಾಸ್ತರರ ಕೈಯಲ್ಲೇ ಉಳಿಯಿತು.

ಉಜ್ವಲಾ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡರು. ಎರಡು ನುಡಿಯನ್ನು ಚುಕ್ಕಿ ನೋಡುತ್ತ ಹಾಡಿದರು. ಮೊದಲ ಸಲಕ್ಕೇ ಕೂತಿತು. ಮೂರನೆಯದಕ್ಕೆ ಬಂದರು.

ನೀರ ತಾರೋ ತಮ್ಮಾ, ತಂಬಿಗಿ ನೀರ ತಾರೋ
ಮರಿಗೆ ನಿಂತಾಂವನ ಬಾಯಿ ಆರೈತಿ
ಎಲ್ಲಾರ ಮಾತಿಗೂ ಉಸಿರ ಕೊಟ್ಟಾಂವ
ತನ್ನ ಮಾತಿಗೆ ಉಸಿರ ಹುಡುಕ್ಯಾನೋ ತಮ್ಮಾ

ಕೊನೆಯ ಸಾಲಿನಲ್ಲಿ ಉಸಿರು ಸಾಲದೆ ದನಿ ಕಟ್ಟಿತು. ಮತ್ತೊಮ್ಮೆ ಹಾಡಿದರು. ಮತ್ತೆ ಕಟ್ಟಿತು. "ಸರ್, ಈ ನುಡಿಗೆ ಚುಕ್ಕಿ ಇಟ್ಟಿಲ್ಲ ನೀವು. ಉಸಿರು ಎಲ್ಲಿ ತಗೊಳ್ಳಿ?"

ಮಾಸ್ತರರು ಗೋಡೆ ನೋಡುತ್ತಿದ್ದರು. ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ಅನಸೂಯಾ ಬಾಯಿ ತಪ್ಪಿ ಹೇಳಿಬಿಟ್ಟಳು. "'ತನ್ನ ಮಾತಿಗೆ' ಅಂದು ನಿಂದರ್ರಿ. ಆಮ್ಯಾಲೆ 'ಉಸಿರ' ಅನ್ನರಿ."

ಹೇಳಿದ ಮೇಲೆ ಚಹಾದ ಕಪ್ಪನ್ನು ಅಲ್ಲೇ ನೆಲಕ್ಕಿಟ್ಟಳು.

ಉಜ್ವಲಾ ಅವಳನ್ನು ನೋಡಿದರು. ನನ್ನ ಮೇಲಿದ್ದ ಮೊದಲ ಎರಡು ನುಡಿಯ ಅಕ್ಷರ ನೋಡಿದರು, ಮೂರನೆಯದರ ಅಕ್ಷರ ನೋಡಿದರು. ವಹಿಯಲ್ಲಿ ಚುಕ್ಕಿ ಕಂಡು ಮಾಸ್ತರರನ್ನು ಹುಡುಕಿದ ಕಣ್ಣು ಅದು. ಏನೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಾನು ಕಾಯ್ದೆ. ಮಾಸ್ತರರು "ತಂಗೀ, ಈ ಕಡೀ ನುಡಿ ಐತಲ್ಲ..." ಎಂದು ಶುರುಮಾಡಿದರು.

"ಭಾಳ ಛಲೋ ಅದ, ಸರ್" ಎಂದರು ಉಜ್ವಲಾ, ಅವರಿಗೆ ಮುಂದೆ ಹೇಳಲು ಬಿಡದೆ. ಅನಸೂಯಾ ಹೇಳಿದ ಜಾಗದಲ್ಲಿ ಉಸಿರು ತೆಗೆದುಕೊಂಡು ಹಾಡಿದರು. ಸಾಲು ದಾಟಿತು. ಆಮೇಲೆ ಬಳಪವನ್ನು ಮಾಸ್ತರರ ಕೈಗೆ ಕೊಟ್ಟರು. "ಚುಕ್ಕಿ ಇಟ್ಟುಕೊಡ್ರಿ."

ಮಾಸ್ತರರು ಸೊಸೆಯ ಸಾಲಿನ ಮೇಲೆ, ಅವಳು ಹೇಳಿದ ಜಾಗದಲ್ಲೇ ಒಂದು ಚುಕ್ಕಿ ಇಟ್ಟರು. ಬೇರೆ ಜಾಗಕ್ಕೆ ತಿದ್ದಲಿಲ್ಲ. ಅಷ್ಟು ಮೆತ್ತಗೆ ಬಳಪ ನನ್ನನ್ನು ಹಿಂದೆಂದೂ ಮುಟ್ಟಿರಲಿಲ್ಲ.

ಭಾನುವಾರ ನನ್ನನ್ನು ರಂಗದ ಮೇಲೆ ಒಂದು ಸ್ಟೂಲಿನ ಮೇಲೆ, ಜನರ ಕಡೆಗೆ ಬೆನ್ನು ಮಾಡಿ, ಉಜ್ವಲಾ ಅವರಿಗೆ ಕಾಣುವ ಹಾಗೆ ಇಟ್ಟಿದ್ದರು. ಮಾಸ್ತರರನ್ನೂ ರಂಗದ ಮೇಲೇ ಕುರ್ಚಿ ಹಾಕಿ ಕೂರಿಸಿದ್ದರು. ಮುಂದಿನ ಸಾಲಿನಲ್ಲಿ ಮಹಾಂತೇಶ ಕೈಕಟ್ಟಿ ಕೂತಿದ್ದ. ಹಳೆಯ ಪದಗಳು ಬಂದವು. ಬಿಳಿ ಕೂದಲ ಜನ ಜೊತೆಗೆ ಗುನುಗಿದರು. ಕೊನೆಗೆ ಹೊಸ ಪದ. 'ತನ್ನ ಮಾತಿಗೆ' ಎಂದು ಉಜ್ವಲಾ ನಿಂತರು. ಆ ಒಂದು ಉಸಿರು ಹಿಂದಿನ ಸಾಲಿನವರೆಗೆ ಕೇಳಿಸಿತು.

ಮಹಾಂತೇಶ ಚಪ್ಪಲಿ ಬಿಟ್ಟು ರಂಗಕ್ಕೆ ಬಂದು ಮಾಸ್ತರರ ಕಾಲು ಮುಟ್ಟಿದ. "ತಪ್ಪಾತ್ರಿ ಅಜ್ಜಾರ. ನೂರಾ ಎಂಟೂ ನಿಮ್ಮವ."

"ನಿಂದೇನು ತಪ್ಪಪಾ. ನಿಮ್ಮಜ್ಜ ನನಗ ಗಂಜಿ ಕುಡಿಸಿದಾಂವ."

ಮೈಕು ಕೈಗೆ ಕೊಟ್ಟರು. ಮಾಸ್ತರರು ಎದ್ದು ಅದನ್ನು ಬಾಯಿಯ ಹತ್ತಿರ ಹಿಡಿದರು. ಎರಡನೇ ಸಾಲಿನಲ್ಲಿ ಅನಸೂಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ನಾ ಪ್ರಾಂಪ್ಟರ್. ಮುಂದ ಬಂದು ಮಾತಾಡಿ ಗೊತ್ತಿಲ್ಲ. ಒಂದು ಮಾತು ಹೇಳತೀನಿ. ಇವತ್ತಿನ ಪದದಾಗ ಎಲ್ಲಾದಕ್ಕಿಂತ ಛಲೋ ಇರೂದು ಕಡೀ ನುಡಿ. ಅದು ನಂದಲ್ಲ. ನನಗ ಮಾತು ಮರತಾಗ ಮರಿಗೆ ನಿಂತು ಹೇಳಿಕೊಟ್ಟಾರ."

ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ಮುದುಕ ದೇವರ ಮಾತು ಆಡುತ್ತಿದ್ದಾನೆ ಎಂದುಕೊಂಡರು. ಮಹಾಂತೇಶ ಮೇಲಕ್ಕೆ ನೋಡಿ ಕೈಮುಗಿದ.

ಆಮೇಲೆ ಅವನು ಫೋನು ತೆಗೆದ. "ಪಾಟೀದೊಂದು ಫೋಟೋ ತಗೀತೀನಿ. ಪೇಪರಿಗೆ ಕೊಡೂಣು. ಅಕ್ಷರ ಕಾಣೂವಂಗ ಈ ಕಡೆ ತಿರುವ್ರಿ."

ಅನಸೂಯಾ ಎದ್ದು ನಿಂತಳು. ನನ್ನ ಮೇಲೆ ಎರಡು ಕೈಗಳ ಅಕ್ಷರ ಇದ್ದವು. ಕುರುಡನೂ ಬೇರೆ ಮಾಡಬಹುದಿತ್ತು. ಅಷ್ಟರಲ್ಲಿ ಉಜ್ವಲಾ ನೀರಿನ ಗ್ಲಾಸಿನಲ್ಲಿ ಸೆರಗು ಅದ್ದಿ, ರೇಷ್ಮೆ ಸೀರೆ ಎಂದೂ ನೋಡದೆ, ಮೇಲಿನಿಂದ ಕೆಳಗೆ ಒಂದೇ ಸಲ ನನ್ನನ್ನು ಒರೆಸಿಬಿಟ್ಟರು.

"ಅಯ್ಯ, ಯಾಕ್ರೀ ಮೇಡಂ!"

"ಪದ ಹಾಡಿ ಮುಗಿದ ಮ್ಯಾಲೆ ಪಾಟಿ ಒರಸೂದು ಕಂಪನಿ ರೂಢಿ, ಮಹಾಂತೇಶ. ನಿಮ್ಮ ಅಜ್ಜಾರ ಹಾಕಿದ್ದು."

ಅವನು ನಕ್ಕು ಫೋನು ಜೇಬಿಗಿಟ್ಟ.

ಹೊರಗೆ ಮೆಟ್ಟಿಲ ಮೇಲೆ ಅನಸೂಯಾ ನನ್ನನ್ನು ಎದೆಗವಚಿಕೊಂಡು ಆಟೋ ಕಾಯುತ್ತಿದ್ದಳು. ಉಜ್ವಲಾ ಹತ್ತಿರ ಬಂದು, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು. "ಮುಂದಿನ ಪದ ನಿಮ್ಮ ಹೆಸರಿಲೆ ಬರಕೊಡ್ರಿ. ಚುಕ್ಕಿ ಮರೀಬ್ಯಾಡ್ರಿ."

ಮಾಸ್ತರರು ಇನ್ನೊಂದು ವರ್ಷ ಇದ್ದರು. ಅವರ ಹೆಸರಿನ ಹ್ಯಾಂಡ್‌ಬಿಲ್ ಗೋಡೆಯ ಮೇಲಿತ್ತು. ಅದರ ಎದುರೇ ಮಂಚ. ಪ್ರತಿ ಸಂಜೆ ಸೊಸೆಯನ್ನು ಕೂರಿಸಿ, ನನ್ನನ್ನು ಅವಳ ಕೈಗೆ ಕೊಟ್ಟು, ಹಾಡುವವರ ಉಸಿರು ಕೇಳುವುದನ್ನು ಕಲಿಸಿದರು. ಕೊನೆಯ ದಿನಗಳಲ್ಲಿ ಅವರ ಉಸಿರನ್ನೂ ಅವಳು ಹಾಗೆಯೇ ಎಣಿಸುತ್ತ ಕುಳಿತಿದ್ದಳು. ಅದು ನಿಂತಾಗ ಮೊದಲು ತಿಳಿದದ್ದು ಅವಳಿಗೆ.

ಈಗ ನಾನು ಅವಳ ಅಡುಗೆಮನೆಯ ಗೂಡಿನಲ್ಲಿದ್ದೇನೆ. ಬಂಗಾರದ ಗೆರೆ ಮಾಸಿದೆ, ಒಂದು ಮೂಲೆ ಒಡೆದಿದೆ. ನನ್ನ ಮೇಲೆ ಎಷ್ಟೋ ಸುಳ್ಳು ನಿಜ ಬರೆದು ಒರೆಸಿದ್ದಾರೆ. ಒರೆಸಿದ್ದೆಲ್ಲ ಇಲ್ಲವಾಗುವುದಿಲ್ಲ ಎಂಬುದನ್ನು ಮಾತ್ರ ಈ ವಯಸ್ಸಿಗೆ ತಿಳಿದಿದ್ದೇನೆ. ಆ ಶುಕ್ರವಾರದ ರಾತ್ರಿ ನಡೆದದ್ದು ಸರಿಯೋ ತಪ್ಪೋ ಎಂದು ಈಗಲೂ ಒಮ್ಮೊಮ್ಮೆ ಕಳವಳವಾಗುತ್ತದೆ. ಉತ್ತರ ನನಗೆ ಸಿಕ್ಕಿಲ್ಲ.

ಹೋದ ತಿಂಗಳು ಉಜ್ವಲಾ ತಮ್ಮ ಒಬ್ಬ ವಿದ್ಯಾರ್ಥಿನಿಯನ್ನು ಕರೆತಂದಿದ್ದರು. ಅನಸೂಯಾಳ ಪದಗಳನ್ನು ಈಗ ಭಜನಾ ಮಂಡಳಿಯವರು, ಕಾಲೇಜಿನ ಹುಡುಗಿಯರು ಹಾಡುತ್ತಾರೆ, ಅವಳ ಹೆಸರು ಹೇಳಿಯೇ ಹಾಡುತ್ತಾರೆ. ಆ ಹುಡುಗಿ ಪುಸ್ತಕ ಬಿಚ್ಚಿಕೊಂಡು ಕೇಳಿದಳು. "ಅಕ್ಕಾರ, ನೀವು ಬರದ ಮೊದಲನೇ ಪದ ಯಾವುದ್ರಿ? ಯಾವಾಗಿಂದ ಬರೀಲಿಕ್ಕೆ ಹತ್ತಿದ್ರಿ?"

ಅನಸೂಯಾ ಗೂಡಿನ ಕಡೆ ನೋಡಿದಳು. ಉಜ್ವಲಾ ತಲೆ ಬಗ್ಗಿಸಿ ಚಹಾಕ್ಕೆ ಸಕ್ಕರೆ ಕಲಕುತ್ತಿದ್ದರು. ಸಕ್ಕರೆ ಆಗಲೇ ಕರಗಿತ್ತು.

"ಮಾವಾರು ಹೋದ ಮ್ಯಾಲೆ" ಎಂದಳು ಅನಸೂಯಾ. "ಅದಕ್ಕಿಂತ ಮೊದಲು ಒಂದು ಸಾಲೂ ಬರದಿಲ್ಲ."

ಹುಡುಗಿ ಅದನ್ನು ಹಾಗೆಯೇ ಬರೆದುಕೊಂಡಳು.